ನಾನು ಸೇರಿಸಿದ ಒಂದು ‘ಹ’

ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ನಿಂತು ಅಂಗಡಿಯವನಿಗೆ ಹೇಳಿಯೇ ಮುಂದೆ ಹೋಗುವ ಜಾಯಮಾನ. ಅಗ್ರಹಾರದ ನಮ್ಮ ಬೀದಿಯವರಿಗೆಲ್ಲ ಈ ಚಾಳಿ ಗೊತ್ತು. ಅದರ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಕೆಸರೆಯಿಂದ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆಯ ಹೆಸರು ‘ಹ’ದಿಂದ ಶುರು. ಆಕೆಯ ಬಾಯಲ್ಲಿ ಅದು ‘ಅ’. ಹಾಲು ಆಲು, ಹಬ್ಬ ಅಬ್ಬ. ರೇಷನ್ ಕಾರ್ಡಿನವರೂ ಕೇಳಿದ್ದನ್ನೇ ಬರೆದುಕೊಂಡಿದ್ದರು. ಆಮೇಲೆ ಆಧಾರ್ ಬಂತು. ಅದರ ಅರ್ಜಿ ತುಂಬಿಕೊಡಿ ಅಂತ ರೇಷನ್ ಕಾರ್ಡ್ ಹಿಡಿದು ಬಂದಾಗ ನಾನು ಓದಿ ನಕ್ಕುಬಿಟ್ಟೆ. ಸ್ವಂತ ಹೆಸರನ್ನೇ ತಪ್ಪಾಗಿ ಬರೆಸಿಕೊಂಡಿದ್ದೀಯಲ್ಲೇ ಅಂತ ಗದರಿ, ಅರ್ಜಿಯಲ್ಲಿ ದುಂಡಗೆ ‘ಹ’ ಬರೆದೆ. ಪಾಪ, ಆಕೆಯೂ ನಕ್ಕಳು.

ಹೋದ ವರ್ಷ ಲೋಟಗಳಲ್ಲಿ ಜಿಡ್ಡು ಹಾಗೇ ಉಳಿಯತೊಡಗಿತು. ಕಣ್ಣು ಎಲ್ಲಿಟ್ಟಿದ್ದೀಯ ಅಂತ ಬೈದೆ. ಆಗ ಹೇಳಿದಳು, ಎಡಗಣ್ಣು ಮಂಜುಮಂಜು ಅಂತ. ಆಸ್ಪತ್ರೆಯಲ್ಲಿ ಎರಡೂ ಕಣ್ಣೊಳಗೆ ಒತ್ತಡ ಏರಿದೆ, ಬೇಗ ಆಪರೇಷನ್ ಆಗಬೇಕು, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಅಂದರು. ಆಕೆಯಂಥವರಿಗೆ ಅದು ಉಚಿತ. ಆದರೆ ರೇಷನ್, ಆಧಾರ್ ಎರಡು ಕಾರ್ಡಿನಲ್ಲೂ ಹೆಸರು ಒಂದೇ ಇರಬೇಕು. ಕೌಂಟರಿನವರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಸರಿಮಾಡಿಸಿಕೊಂಡು ಬಾ ಅಂತ ವಾಪಸು ಕಳಿಸಿದರಂತೆ.

ಆಕೆ ಆ ಕಾರ್ಡುಗಳನ್ನು ನನ್ನ ಮುಂದಿಟ್ಟಾಗ ಕನ್ನಡಕ ಹಾಕಿಕೊಂಡು ಓದಿದೆ. ಒಂದೇ ಅಕ್ಷರದ ವ್ಯತ್ಯಾಸ, ಅದು ನನ್ನದು. ಹೇಳಬೇಕಿತ್ತು. ಹೇಳದೆ, ಈ ಕಚೇರಿಯವರ ಹಣೆಬರಹವೇ ಇಷ್ಟು ಅಂತ ಅವರನ್ನೇ ಬೈದೆ.

ಆಮೇಲೆ ಆಕೆ ಅಲೆದದ್ದೇ ಅಲೆದದ್ದು. ಒಂದು ದಿನ ಸರ್ವರ್ ಇಲ್ಲ, ಇನ್ನೊಂದು ದಿನ ಸಾಹೇಬರಿಲ್ಲ. ಕೊನೆಗೆ ಎಲ್ಲ ಇದ್ದ ದಿನ ಹೆಬ್ಬೆಟ್ಟು ಮೆಷಿನ್ನಿಗೆ ಹತ್ತಲಿಲ್ಲ. ನಮ್ಮಂಥವರ ಪಾತ್ರೆ ಉಜ್ಜಿ ಉಜ್ಜಿ ಬೆರಳಿನ ಗೆರೆಯೇ ಸವೆದುಹೋಗಿತ್ತು. ನಾನು ಒಂದು ಸಲ ಜೊತೆಗೆ ಹೋಗಿ, ತಪ್ಪು ನನ್ನದು ಅಂತ ಬರೆದುಕೊಟ್ಟಿದ್ದರೆ ಬೇಗ ಆಗುತ್ತಿತ್ತೋ ಏನೋ. ಮಂಡಿನೋವು ಅಂದೆ. ಮಂಡಿ ಆವಾಗ ಚೆನ್ನಾಗಿಯೇ ಇತ್ತು.

ರೇಷನ್ ಕಾರ್ಡಿಗೆ ‘ಹ’ ಬರುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು, ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿಗೆ ಆಪರೇಷನ್ ಮಾಡಿ ಅದೊಂದನ್ನು ಉಳಿಸಿಕೊಟ್ಟರು.

ಮತ್ತೆ ಕೆಲಸಕ್ಕೆ ಬಂದ ದಿನ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕಾಫಿ ಲೋಟಕ್ಕೆ ಕೈ ಚಾಚಿದಳು. ಲೋಟ ಇನ್ನೂ ಒಂದು ಗೇಣು ಆಚೆಗಿತ್ತು. ತಂದು ಕೈಗೆ ಕೊಟ್ಟೆ.

“ನನ್ ನಾಲ್ಗೇದೇ ತಪ್ಪು ಕಣ್ರಮ್ಮ. ನೆಟ್ಟಗೆ ಯೋಳಿದ್ರೆ ಇಂಗಾಯ್ತಿರ್ಲಿಲ್ಲ. ನೀವು ಟೀಚರಮ್ಮ ಅಲ್ವಾ, ಒಸಿ ಯೋಳ್ಕೊಡಿ” ಅಂದಳು.

ಆಗಲೂ ನನ್ನ ಬಾಯಿಂದ ನಿಜ ಹೊರಡಲಿಲ್ಲ. ಮಕ್ಕಳಿಗೆ ಕಲಿಸುತ್ತಿದ್ದ ಹಾಗೆ, ಬಾಯಿಯ ಮುಂದೆ ಅಂಗೈ ಹಿಡಿದುಕೋ, ಉಸಿರು ತಾಗಿದರೆ ಅದೇ ‘ಹ’ ಅಂತ ತೋರಿಸಿಕೊಟ್ಟೆ. ಆಕೆ ಆ ಸವೆದ ಅಂಗೈ ಹಿಡಿದು ತನ್ನ ಹೆಸರನ್ನು ಎರಡು ಸಲ, ಮೂರು ಸಲ ಹೇಳಿದಳು. ಮೂರನೆಯ ಸಲ ಬಂತು. ಉಳಿದ ಒಂದು ಕಣ್ಣಿನಿಂದ ನನ್ನ ಕಡೆ ನೋಡಿ, “ಈಗ್ ಸರ್ಯಾಯ್ತಾ?” ಅಂತ ಕೇಳಿದಳು.

ಸರಿಯಾಯ್ತು ಅಂದೆ.