ಸವತಿ ಕೇಬಲ್ಲು

ಸಿದ್ದಾಪುರದ ನಮ್ಮ ಪುಟ್ಟ ಲ್ಯಾಬಿನಲ್ಲಿ, ರಕ್ತ ಪರೀಕ್ಷಿಸುವ ಯಂತ್ರದ ಬೆನ್ನಿನಿಂದ ಹೊರಟು ಗೋಡೆಗುಂಟ ಹರಿದು ಕಂಪ್ಯೂಟರಿನ ಹೊಟ್ಟೆ ಸೇರುವ ನೀಲಿ ಕೇಬಲ್ಲೊಂದಿದೆ, ಗೆಳೆಯರೇ; ಬೆಳಿಗ್ಗೆ ಕಸ ಗುಡಿಸುವಾಗ ಬೇಕೆಂದೇ ಅದಕ್ಕೆ ಪೊರಕೆಯಿಂದ ಎರಡೇಟು ಹೆಚ್ಚು ತಾಗಿಸುತ್ತೇನೆ. ಮನೆಗೆ ಬಂದ ಸವತಿಯನ್ನೂ ಯಾರೂ ಇಷ್ಟು ದ್ವೇಷಿಸಿರಲಾರರು.

ಮೊದಲು ಯಂತ್ರ ತೋರಿಸಿದ ಅಂಕಿಯನ್ನು ನಾನೇ ಓದಿ, ನಾನೇ ಬರೆದು, ಕಿಟಕಿಯಾಚೆ ಕಾದವರಿಗೆ ನಾನೇ ಹೇಳುತ್ತಿದ್ದೆ. ಕಾಫಿ ತೋಟದ ಕೂಲಿಯವರ ಲೈನ್‌ಮನೆಗಳಿಂದ ಬಂದವರು ಕಾಗದ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಆ ನೋಟದ ರುಚಿ ಹತ್ತಿದವಳಿಗೆ ಅದನ್ನು ಬಿಡುವುದು ಸುಲಭವೇ? ಈ ಕೇಬಲ್ಲು ಬಂದ ಮೇಲೆ ನಾನು ಸರಿಯೆಂದು ಒಂದು ಗುಂಡಿ ಒತ್ತಿದರೆ ಸಾಕು, ಬಾಯಿ ತೆರೆಯುವ ಮೊದಲೇ ಫಲಿತಾಂಶ ಡಾಕ್ಟರ ಪರದೆಗೂ ರೋಗಿಯ ಫೋನಿಗೂ ತಲುಪಿರುತ್ತದೆ.

ರೋಗಿಯ ಫೋನೆಂದೆನೇ? ನಂಬರು ಕೇಳಿದರೆ ಲೈನಿನವರೆಲ್ಲ ಹೇಳುವುದು ಒಂದೇ ನಂಬರು: ಹಾಜರಿ ಹಾಕಿ ಕೆಲಸ ಹಂಚುವ ತೋಟದ ರೈಟರದ್ದು. ರೇಷನ್ನಿಗೂ ಗ್ಯಾಸಿಗೂ ಅದನ್ನೇ ಕೊಟ್ಟು ರೂಢಿ. ಹೀಗಾಗಿ ಎಲ್ಲರ ರಕ್ತದ ಸುದ್ದಿ ರೈಟರ ಜೇಬು ಸೇರತೊಡಗಿತು. ಇದು ಸರಿಯಲ್ಲ, ಗುಟ್ಟು ಗುಟ್ಟಾಗಿರಬೇಕು ಎಂದು ಕಾಫಿ ಕೊಯ್ಯುವ ಸೆಲ್ವಿಗೆ ಬುದ್ಧಿ ಹೇಳಿದೆ. ಮಾತು ನ್ಯಾಯದ್ದೇ, ಹೊಟ್ಟೆಯೊಳಗಿನ ಉರಿ ಬೇರೆ. ತನಗೆ ಓದಲು ಬಾರದು, ರೈಟರು ಓದಿ ಹೇಳುತ್ತಾರೆ ಎಂದು ಅವಳು ನಕ್ಕಳು.

ಸೆಲ್ವಿಗೆ ರಕ್ತ ತೀರಾ ಕಡಿಮೆ. ಸೊಪ್ಪು ತಿನ್ನು, ಮಾತ್ರೆ ನುಂಗು ಎಂದು ವರ್ಷಗಟ್ಟಲೆ ನಾನು ಗಂಟಲು ಹರಿದುಕೊಂಡಿದ್ದೇ ಬಂತು. ರೈಟರು ಸಂದೇಶ ಓದಿದ್ದೇ ತಡ, ಅವಳನ್ನು ಹಣ್ಣು ಕೊಯ್ಯುವ ಪಿಕ್ಕಿಂಗ್‌ನಿಂದ ಬಿಡಿಸಿ ಸಸಿ ಬೆಳೆಸುವ ನರ್ಸರಿಯ ನೆರಳಿಗೆ ಹಾಕಿದರಂತೆ, ದಿನಾ ಊಟದ ಮೇಲೆ ಮಾತ್ರೆ ನುಂಗುವುದನ್ನು ನಿಂತು ನೋಡಿದರಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ನನ್ನ ಕೈಲಾಗದ್ದು ಆ ಮನುಷ್ಯನ ಕೈಲಾಯಿತಲ್ಲ!

ಕೆಲವು ತಿಂಗಳ ಬಳಿಕ ಸೆಲ್ವಿ ಮತ್ತೆ ರಕ್ತ ಕೊಟ್ಟು ತೋಟಕ್ಕೆ ಮರಳಿದಳು. ಪರದೆಯಲ್ಲಿ ಅಂಕಿ ಚೆನ್ನಾಗಿ ಏರಿತ್ತು. ಹೇಳಬೇಕೆಂದು ನಾಲಿಗೆ ತುರಿಸಿತು. ಕಳಿಸದೆ ತಡೆದರೆ ಕೇಳುವವರು ಯಾರು, ನಾಳೆ ಅವಳೇ ನನ್ನ ಕಿಟಕಿಗೆ ಬರಬೇಕಾಗುತ್ತದೆ ಎಂದಿತು ಮನಸ್ಸು. ಗುಂಡಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕುಳಿತೆ. ಹಾಳಾಗಿಹೋಗಲಿ ಎಂದು ಒತ್ತಿಬಿಟ್ಟೆ.

ಮರುದಿನ ಸಂತೆಗೆಂದು ಬಂದವಳು ಚೀಲದ ಸಮೇತ ಲ್ಯಾಬಿನೊಳಗೇ ನುಗ್ಗಿದಳು.

"ಅಕ್ಕಾ, ನಂಗೆ ರಕ್ತ ಏರಿದೆಯಂತೆ. ನಿಮಗೆ ಗೊತ್ತಾ?"

"ಇಲ್ವಲ್ಲ," ಎಂದೆ. "ಹೇಳು, ಹೇಳು."