ಡೇಲ್ ಗ್ಯಾರೇಜಿನಲ್ಲಿ ಆಲ್‌ರೌಂಡರ್ ಜಗಳ

ಕಳೆದ ಶನಿವಾರ ಪಕ್ಕದ ಮನೆಯ ಗ್ಯಾರೇಜಿನಲ್ಲಿ, ಮಿರ್ಚಿ ಭಜಿಯ ತಟ್ಟೆ ಹಿಡಿದು ನಿಂತಿದ್ದ ನಾನು ಒಂದು ಮಾತು ಅಂದುಬಿಟ್ಟೆ. "ಸಾರಿ, ಆದರೆ ನೀವೆಲ್ಲರೂ ತಪ್ಪು."

ನಮ್ಮ ಮನೆಯವರು, ಅಂದರೆ ಶ್ರೀಕಾಂತ, ಬಾಯಲ್ಲಿದ್ದ ಭಜಿ ಅಗಿಯುವುದನ್ನೇ ಮರೆತರು. ಮಗಳು ಹೂಡಿಯ ಟೋಪಿಯನ್ನು ಮೂಗಿನವರೆಗೂ ಎಳೆದುಕೊಂಡು, "ಅಮ್ಮಾ, ಪ್ಲೀಸ್ ಸ್ಟಾಪ್" ಅಂದಳು.

ನಿಲ್ಲಿಸುತ್ತೀನಾ? ಈಗಷ್ಟೇ ಶುರು ಮಾಡಿದ್ದೆ.

ವಿಷಯ ಏನಪ್ಪಾ ಅಂದರೆ, ಇಸ್ಸಾಕ್ವಾ ಅನ್ನುವ ಈ ಊರಿನ ಗುಡ್ಡದ ಮೇಲೆ ನಮ್ಮ ಪಕ್ಕದ ಮನೆ ಡೇಲ್ ಮತ್ತು ಲಿಂಡಾ ದಂಪತಿಯದು. ಇಬ್ಬರೂ ಇಲ್ಲಿನ ಯೂನಿವರ್ಸಿಟಿಯಲ್ಲಿ ಓದಿದವರು. ಅದರ ಫುಟ್‌ಬಾಲ್ ಟೀಮ್ ಅಂದರೆ ಪ್ರಾಣ. ಕಾಲೇಜು ಬಿಟ್ಟಾಗಿನಿಂದ ಸ್ಟೇಡಿಯಮ್ಮಿನಲ್ಲಿ ಅಕ್ಕಪಕ್ಕದ ಅವೇ ಎರಡು ಸೀಟು. ಪ್ರತಿ ಆಗಸ್ಟಿನ ಕೊನೆಗೆ, ಸೀಸನ್ ಶುರುವಾಗುವ ಮುಂಚೆ, ಡೇಲ್ ಗ್ಯಾರೇಜಿನಿಂದ ಕಾರು ಹೊರಗೆ ಹಾಕಿ ಒಳಗೆ ಕುರ್ಚಿ ಜೋಡಿಸುತ್ತಾನೆ. ಗ್ರಿಲ್ ಹೊತ್ತಿಸುತ್ತಾನೆ. ನಮ್ಮ ಬೀದಿಯೆಲ್ಲ ಅಲ್ಲೇ. ಆಮೇಲೆ ಒಂದು ವಿಷಯ ಕೊಟ್ಟು ಜಗಳ ಹಚ್ಚುತ್ತಾನೆ.

ಈ ಸಲದ ವಿಷಯ: ನಮ್ಮ ಟೀಮಿನ ಚರಿತ್ರೆಯಲ್ಲೇ ಅತಿ ಹೆಚ್ಚು ಥರದ ಕೆಲಸ ಬಲ್ಲ ಆಟಗಾರ ಯಾರು?

(ಈ ಆಟ ನೋಡದವರಿಗೆ ಒಂದು ಮಾತು. ಹೆಸರು ಫುಟ್‌ಬಾಲ್, ಆದರೆ ಕಾಲಿಗೆ ಕೆಲಸ ಕಡಿಮೆ. ಬಾಲ್ ಎಸೆಯುವವನು ಒಬ್ಬ, ಹಿಡಿಯುವವನು ಇನ್ನೊಬ್ಬ, ಎದುರಿನವರನ್ನು ತಡೆಯುವುದಕ್ಕೆ ಬೇರೆಯದೇ ದಂಡು. ಒಬ್ಬನ ಕೆಲಸ ಇನ್ನೊಬ್ಬ ಮಾಡುವುದು ಅಪರೂಪ.)

ಬಹುಮಾನ ಬೇರೆ ಇತ್ತು. ಲಿಂಡಾಳ ಮೊಣಕಾಲು ಕೈಕೊಟ್ಟಿದೆ. ಬೆಟ್ಟದ ಆಚೆ ಕಡೆಯ ಬದ್ಧ ವೈರಿ ಟೀಮಿನ ಜೊತೆ ಸೀಸನ್ ಕೊನೆಗೊಂದು ಮ್ಯಾಚ್ ಇರುತ್ತದಲ್ಲ, ಅದಕ್ಕೆ ಅವಳು ಮೆಟ್ಟಿಲು ಹತ್ತಲಾರಳು. "ವಾದದಲ್ಲಿ ಗೆದ್ದವರಿಗೆ ನನ್ನ ಸೀಟು" ಅಂತ ಅವಳೇ ಘೋಷಿಸಿದಳು.

ಆ ಸೀಟು ನನಗೆ ಬೇಕಿತ್ತು. ಸುತ್ತಿಬಳಸದೆ ಹೇಳುತ್ತಿದ್ದೇನೆ, ಬೇಕೇ ಬೇಕಿತ್ತು. ಈ ಊರಿಗೆ ಬಂದಾಗಿನಿಂದ ಟೀವಿಯಲ್ಲಿ ಈ ಆಟ ನೋಡುತ್ತಾ ನೋಡುತ್ತಾ ನನಗೆ ಹುಚ್ಚು ಹಿಡಿದಿದೆ. ಯಾರಿಗೆ ಗೊತ್ತು? ಯಾರಿಗೂ ಗೊತ್ತಿಲ್ಲ. ಗ್ಯಾರೇಜಿನವರ ಲೆಕ್ಕದಲ್ಲಿ ನಾನು ಭಜಿ ತರುವ ಹೆಂಗಸು. ಮನೆಯವರ ಲೆಕ್ಕದಲ್ಲಿ ಅವರ ಜೊತೆ ಸುಮ್ಮನೆ ಕೂತು ನೋಡುವವಳು.

ತಪ್ಪು ಅವರದ್ದು ಅಂತ ಹೇಗೆ ಅನ್ನಲಿ? ಪರದೇಶದಲ್ಲಿ ನಮಗೆ ಮೊದಲು ರೂಢಿಯಾಗುವ ವ್ಯಾಯಾಮ ಕತ್ತಿನದು. ಎದುರಿನವರು ಏನೇ ಹೇಳಲಿ, ತಲೆಯಾಡಿಸುವುದು. "ಓ ನೈಸ್", "ರಿಯಲೀ?", "ವಾವ್". ಈ ಮೂರೇ ಮಾತಿನಲ್ಲಿ ಗ್ರೀನ್ ಕಾರ್ಡ್ ಬರುವವರೆಗೂ ಬದುಕಬಹುದು. ಜನ ನಮ್ಮನ್ನು ಒಳ್ಳೆಯವರು ಅನ್ನುತ್ತಾರೆ. ಆದರೆ ಯಾವ ವಾದಕ್ಕೂ ಸೇರಿಸಿಕೊಳ್ಳುವುದಿಲ್ಲ. ಒಪ್ಪಿಕೊಳ್ಳುವವರೆಗೆ ನಾವು ಅತಿಥಿಗಳು. ಜಗಳಕ್ಕೆ ನಿಂತ ದಿನ ನೆರೆಯವರು.

ಸರಿ, ವಾದಕ್ಕೆ ಬರೋಣ.

ಎದುರು ಮನೆಯ ಗ್ಯಾರಿ ವಿಮಾನದ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವನು. ಅವನ ಹೀರೋ ಅವರಪ್ಪನ ಕಾಲದವನು. ದಾಳಿಗೂ ಅವನೇ, ರಕ್ಷಣೆಗೂ ಅವನೇ, ನೀರು ಕುಡಿಯಲೂ ಮೈದಾನ ಬಿಡುತ್ತಿರಲಿಲ್ಲವಂತೆ. ಡೇಲ್‌ನ ಹೀರೋ ಆಮೇಲಿನವನು. ಓಡುತ್ತಿದ್ದ, ಹಿಡಿಯುತ್ತಿದ್ದ, ಎದುರಾಳಿ ಒದ್ದ ಬಾಲನ್ನು ಹಿಡಿದು ಅವರ ಗೆರೆಯವರೆಗೂ ಓಡಿಬಿಡುತ್ತಿದ್ದ. ಲಿಂಡಾಳವನು ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲನ್ನೂ ಆಡಿದವನು. (ಹೆಸರು ಬರೆಯುವುದಿಲ್ಲ. ಬರೆದರೆ ಬೀದಿಯಲ್ಲಿ ಮತ್ತೆ ಶುರುವಾಗುತ್ತದೆ.)

ಶ್ರೀಕಾಂತ ಯಾರು ಕೊನೆಗೆ ಮಾತಾಡಿದರೋ ಅವರ ಪಕ್ಷ. ಅದು ಅವರ ಸ್ವಭಾವ.

ಆಗಲೇ ನಾನು "ನೀವೆಲ್ಲರೂ ತಪ್ಪು" ಅಂದದ್ದು.

ನಾನು ಗದಗಿನಲ್ಲಿ ಮೂವರು ಅಣ್ಣಂದಿರ ಜೊತೆ ಬೆಳೆದವಳು. ಕ್ರಿಕೆಟ್ಟಿನ ಆಲ್‌ರೌಂಡರ್ ಯಾರು ಅನ್ನುವ ಜಗಳಕ್ಕೆ ನಮ್ಮ ಮನೆಯಲ್ಲಿ ಊಟದ ತಟ್ಟೆಗಳು ಒಣಗಿವೆ. ಆ ಜಗಳಕ್ಕೊಂದು ಪರೀಕ್ಷೆ ಇದೆ, ನಮ್ಮ ದೇಶದ ಯಾವ ಗಲ್ಲಿಯ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಇವನ ಬೌಲಿಂಗ್ ಮರೆತುಬಿಡು, ಬರೀ ಬ್ಯಾಟಿಂಗಿಗೆ ಟೀಮಿನಲ್ಲಿ ಜಾಗ ಸಿಗುತ್ತಿತ್ತಾ? ಬ್ಯಾಟಿಂಗ್ ಮರೆತುಬಿಡು, ಬರೀ ಬೌಲಿಂಗಿಗೆ? ಎರಡಕ್ಕೂ ಹೌದಾದರೆ ಆಲ್‌ರೌಂಡರ್. ಇಲ್ಲದಿದ್ದರೆ ಅದೂ ಇದೂ ಮಾಡಿಕೊಂಡಿದ್ದವನು, ಅಷ್ಟೇ.

ಅದನ್ನೇ ಗ್ಯಾರೇಜಿನಲ್ಲಿ ಇಟ್ಟೆ.

"ಗ್ಯಾರಿ, ನಿಮ್ಮವನ ಕಾಲದಲ್ಲಿ ಎಲ್ಲರೂ ಎರಡೂ ಕಡೆ ಆಡಲೇಬೇಕಿತ್ತು ಅಂತ ನೀವೇ ಹೇಳ್ತೀರಿ. ಎಲ್ಲರೂ ಮಾಡಿದ್ದು ಇವನೊಬ್ಬನ ಹೆಚ್ಚುಗಾರಿಕೆ ಹೇಗಾಗುತ್ತೆ? ಡೇಲ್, ನಿಮ್ಮವನು ಏನೇ ಮಾಡಿದರೂ ಕೊನೆಗೆ ಬಾಲ್ ಕೈಗೆ ಬಂದ ಮೇಲೆ ಓಡೋದು ತಾನೇ? ಒಂದೇ ಕೆಲಸಕ್ಕೆ ಮೂರು ಹೆಸರು. ಲಿಂಡಾ, ಪ್ರಶ್ನೆ ಕೇಳಿದ್ದು ಫುಟ್‌ಬಾಲಿನದು."

"ಹಾಗಾದರೆ ನಿನ್ನವನು ಯಾರು?" ಡೇಲ್ ಕೇಳಿದ. ಧ್ವನಿಯಲ್ಲಿ ತಮಾಷೆ ಇತ್ತು. ಇವಳಿಗೆ ಒಂದು ಹೆಸರಾದರೂ ಗೊತ್ತಿದೆಯಾ ಅನ್ನುವ ತಮಾಷೆ.

ಹೆಸರು ಹೇಳಿದೆ. ಎಲ್ಲರೂ ನಕ್ಕರು. ಅವನು ಈ ಬೀದಿಯಲ್ಲಿ "ಜಾಗ ಕಳಕೊಂಡವನು" ಅಂತಲೇ ಪ್ರಸಿದ್ಧ.

ಶ್ರೀಕಾಂತ ಮೆಲ್ಲಗೆ, "ಏ, ಸಾಕ್ ಮಾಡ. ಅವರು ಹುಟ್ಟಿದಾಗಿಂದ ಈ ಆಟ ನೋಡ್ಲಿಕತ್ತಾರ" ಅಂದರು.

"ತಡೀರಿ, ನಾನೂ ಬಂದಾಗಿಂದ ಇವರ ಮಾತು ಕೇಳ್ಲಿಕತ್ತೀನಿ" ಅಂದೆ. ಮತ್ತೆ ಎದುರಿನವರ ಕಡೆ ತಿರುಗಿದೆ.

"ಗ್ಯಾರಿ, ನಮ್ಮ ಬೇಲಿ ರಿಪೇರಿ ಮಾಡಿಕೊಟ್ಟ ದಿನ ನೀವು ನನಗೆ ಹೇಳಿದ್ರಿ. ಅವನು ಮೊದಲು ಬಾಲ್ ಎಸೆಯುವ ಜಾಗದಲ್ಲಿದ್ದ, ಚೆನ್ನಾಗೇ ಎಸೀತಿದ್ದ, ಕೋಚ್ ಹೊಸಬನ ಮೋಹಕ್ಕೆ ಬಿದ್ದು ಇವನನ್ನು ಕೂರಿಸಿದ ಅಂತ. ಹೌದೋ ಅಲ್ಲವೋ?"

"ಹೌದು. ಅನ್ಯಾಯ ಅದು" ಅಂದ ಗ್ಯಾರಿ. ಇಷ್ಟು ವರ್ಷವಾದರೂ ಸಿಟ್ಟು ಇಳಿದಿಲ್ಲ.

"ಲಿಂಡಾ, ಮರುವರ್ಷ ಅವನು ಹಿಡಿಯುವ ಜಾಗಕ್ಕೆ ಬಂದ. ಮಳೆಯಲ್ಲಿ ಅಡ್ಡಬಿದ್ದು ಅವನು ಹಿಡಿದ ಕ್ಯಾಚಿಗೆ ನೀವು ಪಕ್ಕದ ಅಪರಿಚಿತನನ್ನು ತಬ್ಬಿಕೊಂಡಿರಿ. ನಿಮ್ಮ ಅಡುಗೆಮನೆಯಲ್ಲೇ ಹೇಳಿದ್ದು."

ಲಿಂಡಾ ಕೆಂಪಾದಳು. "ಅಪರಿಚಿತ ಚೆನ್ನಾಗಿದ್ದ" ಅಂದಳು.

"ಡೇಲ್, ಕೊನೆಯ ವರ್ಷ ರಕ್ಷಣೆಯವರೆಲ್ಲ ಗಾಯ ಮಾಡಿಕೊಂಡು ಮಲಗಿದಾಗ ಹಿಂದೆ ನಿಂತು ಎದುರಾಳಿಯನ್ನು ತಡೆದವನು ಯಾರು? ಅವನಿಲ್ಲದಿದ್ದರೆ ಆ ಸೀಸನ್ ಮುಳುಗುತ್ತಿತ್ತು ಅಂತ ಪ್ರತಿ ವರ್ಷ ಇದೇ ಗ್ರಿಲ್ ಮುಂದೆ ನಿಂತು ಹೇಳ್ತೀರಲ್ಲ?"

ಡೇಲ್ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ.

"ಎಸೆಯೋದು, ಹಿಡಿಯೋದು, ತಡೆಯೋದು. ಮೂರರಲ್ಲಿ ಯಾವುದೇ ಎರಡನ್ನು ಮರೆತುಬಿಡಿ. ಉಳಿದ ಒಂದಕ್ಕೇ ಅವನು ಟೀಮಿನಲ್ಲಿದ್ದ. ನಾನು ಹೇಳ್ತಿಲ್ಲ, ನೀವೇ ಹೇಳಿದ್ದು."

ಗಮನಿಸಿದಿರಾ? ಮೂವರಿಗೂ ಅವನು ಗೊತ್ತು, ಅವನ ಇಡೀ ಕತೆಯೂ ಗೊತ್ತು. ಆದರೆ ಒಬ್ಬನಿಗೆ ಅವನಿಗಾದ ಅನ್ಯಾಯ ಮುಖ್ಯ, ಒಬ್ಬಳಿಗೆ ಆ ಕ್ಯಾಚು, ಇನ್ನೊಬ್ಬನಿಗೆ ಆ ಸೀಸನ್. ಪ್ರತಿ ವರ್ಷ ಮೂವರೂ ತಂತಮ್ಮ ತುಂಡನ್ನೇ ಗಟ್ಟಿಯಾಗಿ ಹೇಳುತ್ತಾ ಬಂದರು. ಇನ್ನೊಬ್ಬರು ಹೇಳುವಾಗ ಬರ್ಗರ್ ತಿನ್ನುತ್ತಿದ್ದರು. ಮೂರನ್ನೂ ಕೇಳಿಸಿಕೊಂಡು ಪಕ್ಕಪಕ್ಕ ಇಟ್ಟವಳು ಭಜಿ ತಂದವಳು ಮಾತ್ರ.

ಗ್ಯಾರಿ ಸುಲಭಕ್ಕೆ ಬಿಡುವ ಆಸಾಮಿಯಲ್ಲ. "ಆದರೆ ಮೂರರಲ್ಲಿ ಯಾವುದರಲ್ಲೂ ಅವನು ನಂಬರ್ ಒನ್ ಆಗಿರಲಿಲ್ಲ" ಅಂದ.

"ನಂಬರ್ ಒನ್ ಯಾರು ಅಂತ ಕೇಳಿದ್ದರೆ ನಾನು ಬಾಯೇ ಬಿಡುತ್ತಿರಲಿಲ್ಲ ಗ್ಯಾರಿ. ಇವತ್ತಿನ ಪ್ರಶ್ನೆ ಅದಲ್ಲವಲ್ಲ."

ಹೂಡಿಯ ಒಳಗಿನಿಂದ ಒಂದು ದನಿ ಬಂತು. "ಶೀ ಈಸ್ ರೈಟ್, ಯು ನೋ."

ಕೈ ಎತ್ತುವ ಮತದಾನ ನಡೆಯಿತು. ಮೊದಲು ಲಿಂಡಾ, ಆಮೇಲೆ ಡೇಲ್, ಆಮೇಲೆ ಬೀದಿಯ ಉಳಿದ ಕೈಗಳು. ಗ್ಯಾರಿ ಒಂದು ಮಿರ್ಚಿ ಪೂರ್ತಿ ತಿಂದು, ಕಣ್ಣು ಒರೆಸಿಕೊಂಡು, ಕೊನೆಗೆ ಎತ್ತಿದ. (ಕಣ್ಣೀರು ಮೆಣಸಿನಕಾಯಿಯದೋ ಸೋಲಿನದೋ, ಹೇಳಲಿಲ್ಲ.) ನನಗಂತೂ ಕುಣಿಯಬೇಕು ಅನಿಸಿತು. ಸ್ವಲ್ಪ ಕುಣಿದೆ ಕೂಡ.

ಈ ಕತೆಯ ಕೊನೆಗೆ "ನಿಜವಾದ ಆಲ್‌ರೌಂಡರ್ ಅಂದರೆ ಗೃಹಿಣಿ" ಅಂತ ಬರೆಯುತ್ತೇನೆ ಅಂದುಕೊಂಡಿದ್ದರೆ ಕ್ಷಮಿಸಿ. ನನಗೆ ಆ ಸರ್ಟಿಫಿಕೇಟ್ ಬೇಡ. ನನಗೆ ಸೀಟು ಬೇಕಿತ್ತು, ಸಿಕ್ಕಿತು.

ಮನೆಗೆ ನಡೆದು ಬರುವಾಗ ಶ್ರೀಕಾಂತ ಖುಷಿಯಲ್ಲಿದ್ದರು. "ಭಾರೀ ಆತು ಬಿಡ. ಹಂಗಾರ ಆ ಮ್ಯಾಚಿಗೆ ನಾ ಹೋಗಿ ಬರ್ತೀನಿ. ನೀ ಆ ಥಂಡ್ಯಾಗ, ಮಳ್ಯಾಗ ಏನ್ ಕೂಡ್ತಿ?"

"ನೀವು ಮನ್ಯಾಗ ಬೆಚ್ಚಗ ಕೂತು ಟೀವಿ ನೋಡ್ರಿ. ನಾನು ಅಲ್ಲಿಂದ ಕೈ ಬೀಸ್ತೀನಿ" ಅಂದೆ. ಅವರು ಬೀದಿಯ ನಡುವೆ ನಿಂತುಬಿಟ್ಟರು. ಇಷ್ಟು ವರ್ಷ ಜೊತೆಗಿದ್ದೂ ನನಗೆ ಈ ಆಟದ ಹುಚ್ಚಿದೆ ಅಂತ ಅವರಿಗೆ ಗೊತ್ತಾದದ್ದು ಆ ಕ್ಷಣದಲ್ಲಿ. ಆಮೇಲೆ ಜೋರಾಗಿ ನಕ್ಕರು. ತಮ್ಮ ರೇನ್‌ಕೋಟು ಕೊಡುತ್ತಾರಂತೆ.

ನಿಮ್ಮ ಮನೆಯಲ್ಲೂ, ನಿಮ್ಮ ಆಫೀಸಿನಲ್ಲೂ ಏನೂ ಹೇಳದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ ಒಬ್ಬರು ಕೂತಿರುತ್ತಾರಲ್ಲ, ಅವರ ಹತ್ತಿರ ನಿಮ್ಮ ಎಷ್ಟು ಮಾತುಗಳಿವೆ, ಯೋಚಿಸಿದ್ದೀರಾ?