ನೋಡದೆ ಬರೆದ ವರದಿ

ಐವತ್ತರ ದಶಕದಲ್ಲಿ ನಾನು ಸಯನ್ನಿನ ಒಂದು ಚಾಳಿನಲ್ಲಿದ್ದೆ. ಹಗಲೆಲ್ಲ ಮಿಲ್ಲಿನಲ್ಲಿ ಗುಮಾಸ್ತಿಕೆ, ಸಂಜೆ ನಮ್ಮ ಕನ್ನಡ ಸಂಘದ ಬರವಣಿಗೆ. ಮೆಟ್ರಿಕ್ ಪಾಸಾದವನು, ಅಕ್ಷರ ದುಂಡಗೆ ಎಂದು ಸನ್ಮಾನಪತ್ರಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು. ತನ್ನ ಕಸುಬಿನಲ್ಲಿ ಹೊಸದೇನಾದರೂ ಮಾಡಿ ಜನರ ಕಷ್ಟ ಇಳಿಸಿದವನಿಗೆ ಸಂಘ ವರ್ಷಕ್ಕೊಮ್ಮೆ ಶಾಲು ಹೊದಿಸುತ್ತಿತ್ತು. ಅದಕ್ಕೆ ಮೊದಲು ಒಬ್ಬರು ಹೋಗಿ ಆ ಕೆಲಸವನ್ನು ಕಣ್ಣಾರೆ ನೋಡಿ ವರದಿ ಕೊಡಬೇಕು. ಅದರ ಮೇಲೆ ಕಮಿಟಿಯ ತೀರ್ಮಾನ.

ಆ ವರ್ಷ ಬಂದದ್ದು ಘಾಟ್ಕೋಪರಿನಲ್ಲಿ ಲೇತ್ ಇಟ್ಟುಕೊಂಡಿದ್ದ ಬೆಳಗಾವಿ ಕಡೆಯವನೊಬ್ಬನ ಹೆಸರು. ಹೋಟೆಲುಗಳಲ್ಲಿ ಮೋಟಾರಿನಿಂದ ತಿರುಗುವ ರುಬ್ಬುವ ಕಲ್ಲಿಗೆ ಹಿಟ್ಟು ತಳ್ಳುವವರ ಬೆರಳು ಸಿಕ್ಕಿಕೊಳ್ಳುತ್ತಿತ್ತು. ಇವನು ಅದಕ್ಕೊಂದು ಕಾಲುಮಣೆ ಜೋಡಿಸಿದ್ದ. ಮೆಟ್ಟಿದ್ದರೆ ಕಲ್ಲು ತಿರುಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ, ಅಷ್ಟೇ. ಹೋಟೆಲಿನವರು ಯಾರೂ ಕೊಳ್ಳುತ್ತಿರಲಿಲ್ಲ. ಸಂಘ ಮೆಚ್ಚಿದರೆ ನಂಬಿ ಹಾಕಿಸಿಕೊಂಡಾರು ಎಂಬುದು ಅವನ ಆಸೆ.

ನೋಡಲು ಹೋಗಬೇಕಾದವನು ನಾನು. ಶನಿವಾರ ಮಿಲ್ಲು ಬಿಟ್ಟ ಮೇಲೆ ಘಾಟ್ಕೋಪರಿಗೆಂದು ಲೋಕಲ್ ರೈಲು ಹತ್ತಿದೆ. ಮೈಯೆಲ್ಲ ಸೋತಿತ್ತು. ನಡುದಾರಿಯಲ್ಲಿ ಸಯನ್ ಬಂದಾಗ ಇಳಿದುಬಿಟ್ಟೆ, ಮನೆಗೆ ಹೋಗಿ ಮಲಗಿದೆ. ಸೋಮವಾರ ಅದೇ ದುಂಡಗಿನ ಅಕ್ಷರದಲ್ಲಿ ಬರೆದೆ: 'ನೋಡಿದೆ. ವಿಶೇಷವೇನೂ ಇಲ್ಲ.'

ಶಾಲು ಬೇರೆಯವರ ಹೆಗಲೇರಿತು. ಸಭೆ ಮುಗಿದು ಚಹಾ ಕುಡಿಯುವಾಗ ಒಬ್ಬ ಪಕ್ಕಕ್ಕೆ ಬಂದ. ಇಸ್ತ್ರಿ ಮಾಡಿದ ಕೋಟು, ಉಗುರಿನ ಸಂದಿಯಲ್ಲಿ ಗ್ರೀಸು.

"ಶನಿವಾರ ಒಬ್ರು ನೋಡಾಕ ಬರ್ತಾರಂತ ಹೇಳಿ ಕಳಿಸಿದ್ರಿ. ರುಬ್ಬಿ ತೋರಸೂಣಂತ ನಮ್ಮಾಕಿ ಅಕ್ಕಿ, ಉದ್ದಿನಬ್ಯಾಳಿ ನೆನಿ ಹಾಕಿದ್ಲು. ನೆನಿ ಹಾಕಿದ್ದು ಹುಳಿ ಬಂತು, ಮಂದಿ ಬರ್ಲಿಲ್ಲ." ನಕ್ಕ. "ಯಾರು ಬರಾವ್ರಿದ್ರು, ಗೊತ್ತೇನ್ರೀ?"

"ಇಲ್ಲರೀ" ಎಂದೆ.

ಕೆಲವು ತಿಂಗಳಾದವು. ನಾನು ದಿನವೂ ತಿಂಡಿ ತಿನ್ನುವ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಉಡುಪಿ ಕಡೆಯವನು ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಾಗಿಲಲ್ಲಿ ಕೂತಿದ್ದ. ಏನಾಯಿತೆಂದು ಕೇಳಿದೆ.

"ಎರಡು ಬೆರಳು ಕಲ್ಲಿಗೆ ಹೋಯ್ತು ಮಾರಾಯ್ರೆ. ನೀವು ಹೆದರ್ಬೇಡಿ, ಇಡ್ಲಿ ತಿನ್ನಿ. ಆ ಹಿಟ್ಟು ಚೆಲ್ಲಿ ಆಗಿದೆ."

ತಿನ್ನಲಾಗಲಿಲ್ಲ. ಆ ಭಾನುವಾರ ಘಾಟ್ಕೋಪರಿಗೆ ಹೋದೆ. ಲೇತಿನವನು ಗೇಟಿನ ಕೀಲು ಕೊರೆಯುತ್ತಿದ್ದ. ಕಾಲುಮಣೆ ತೋರಿಸುತ್ತೀರಾ ಎಂದೆ. ಯಾಕೆಂದು ಕೇಳಲಿಲ್ಲ. ಮೂಲೆಯ ಕಲ್ಲಿನ ಮೇಲಿನ ಗೋಣಿ ತೆಗೆದ, ಒಂದು ಹಿಡಿ ಅಕ್ಕಿಗೆ ನೀರು ಹಾಕಿ ರುಬ್ಬತೊಡಗಿದ. ಮಾತಿನ ನಡುವೆ ಕಾಲು ತೆಗೆದ.

"ಇಷ್ಟ ನೋಡ್ರಿ. ವಿಶೇಷ ಏನಿಲ್ಲ."

ನನ್ನ ವಾಕ್ಯ ಅವನ ಕಿವಿಗೆ ಬಿದ್ದಿತ್ತೋ, ಸುಮ್ಮನೆ ಅಂದನೋ, ಕೇಳುವ ಧೈರ್ಯವಾಗಲಿಲ್ಲ. ಹೊಸ ವರದಿ ಕೊಡಬೇಕೆಂದರೆ ಹಳೆಯದು ಸುಳ್ಳೆಂದು ಕಮಿಟಿಯ ಮುಂದೆ ಒಪ್ಪಿಕೊಳ್ಳಬೇಕಿತ್ತು. ಕೊಡಲಿಲ್ಲ. ಅವನು ಆ ಕಲ್ಲನ್ನು ಮತ್ತೆ ಗೋಣಿಯಿಂದ ಮುಚ್ಚಿದ.

ಈಗ ವಯಸ್ಸಾಗಿ ಅಕ್ಷರ ನಡುಗುತ್ತದೆ. ಆದರೂ ಬರೆಯುತ್ತೇನೆ: ನೋಡಿದೆ. ಕಾಲು ತೆಗೆದೊಡನೆ ಕಲ್ಲು ನಿಂತಿತು.